ಒಂದೇ ಸೋನೋಗ್ರಫಿಗೆ ತೀರ್ಪು ಬೇಡ

ಕೃಷ್ಣೆಯ ದಂಡೆಯ ಜುಗೂಳದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಿರಜ, ಇಲ್ಲವೇ ಅಥಣಿ, ಚಿಕ್ಕೋಡಿ. ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋದಾಗಲೂ, ಬಸಿರು ನಿಂತಿದೆಯೇ ಎಂದು ತಿಳಿಯಲೂ ಅಲ್ಲಿ ಮಾಡಿಸುವುದು ಸೋನೋಗ್ರಫಿ. ಪಿಸಿಓಡಿ ಅಥವಾ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇರುವ ಹೆಣ್ಣುಮಕ್ಕಳು ಈ ಯಂತ್ರ ಏನನ್ನು ಕಾಣುತ್ತದೆ, ಏನನ್ನು ಕಾಣದು ಎಂಬುದನ್ನು ತಿಳಿದಿರಬೇಕು.

ಯಂತ್ರದ ಪ್ರೋಬ್‌ನಲ್ಲಿರುವ ಹರಳುಗಳು ವಿದ್ಯುತ್ ತಾಗಿದೊಡನೆ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಕಂಪಿಸುತ್ತವೆ. ಕಿವಿಗೆ ಕೇಳದ ಆ ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಅಂಗಾಂಗಗಳಿಗೆ ಬಡಿದು ಮರಳುತ್ತದೆ. ಮರಳಲು ಹಿಡಿದ ಹೊತ್ತಿನಿಂದ ಆಳ ಗೊತ್ತಾಗುತ್ತದೆ. ನೀರು ತುಂಬಿದ ಜಾಗ ಕಪ್ಪಾಗಿ, ಮಾಂಸ ಬೂದಾಗಿ, ಎಲುಬು ಬೆಳ್ಳಗೆ ಮೂಡುತ್ತದೆ. ಗ್ಲಾಸ್ಗೊದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್, ಲೋಹದ ಬಿರುಕು ಹುಡುಕುವ ಉಪಕರಣವನ್ನು ಹೊಟ್ಟೆಯ ಪರೀಕ್ಷೆಗೆ ತಿರುಗಿಸಿ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ವಾಸಿಯಾಗದ ಕ್ಯಾನ್ಸರ್ ಎಂದು ವೈದ್ಯರು ಕೈಬಿಟ್ಟಿದ್ದ ಮಹಿಳೆಯೊಬ್ಬಳ ಹೊಟ್ಟೆಯಲ್ಲಿದ್ದದ್ದು ಅಂಡಾಶಯದ ನೀರುಗಡ್ಡೆ ಎಂದು ಅದು ತೋರಿಸಿಕೊಟ್ಟಿತು.

ಪಿಸಿಓಎಸ್‌ನಲ್ಲಿ ಅಂಡಾಶಯದ ತುಂಬ 2ರಿಂದ 9 ಮಿಲಿಮೀಟರಿನ ಕಪ್ಪು ಚುಕ್ಕೆಗಳು ಕಾಣುತ್ತವೆ. ಇವು ಗಡ್ಡೆಗಳಲ್ಲ, ಬಲಿಯದೆ ನಿಂತ ಅಂಡಕೋಶಗಳು. ಹಲವರಲ್ಲಿ ಇನ್ಸುಲಿನ್ ಸರಿಯಾಗಿ ನಾಟದೆ, ದೇಹ ಅದನ್ನು ಹೆಚ್ಚು ಸುರಿಸುತ್ತದೆ. ಅದರ ಒತ್ತಡಕ್ಕೆ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ, ಅಂಡ ಹೊರಬರುವುದು ತಡವಾಗುತ್ತದೆ. ಚುಕ್ಕೆ ಕಂಡ ಮಾತ್ರಕ್ಕೆ ರೋಗವೆನ್ನಲಾಗದು. ಮೈನೆರೆದು ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಇಂಥ ಚಿತ್ರ ಸಹಜವಾದ್ದರಿಂದ, ಅವರಿಗೆ ಈ ಪರೀಕ್ಷೆಯ ಮೇಲೆ ರೋಗ ನಿರ್ಧರಿಸಬಾರದೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಪಿಸಿಓಎಸ್ ಇದ್ದವರಲ್ಲಿ ಮೊದಲ ತಿಂಗಳುಗಳ ಗರ್ಭಪಾತದ ಸಂಭವ ಉಳಿದವರಿಗಿಂತ ಹೆಚ್ಚು. ಹೆಚ್ಚಿದ ತೂಕ, ಇನ್ಸುಲಿನ್ ಏರುಪೇರು ಇದಕ್ಕೆ ಕೈಜೋಡಿಸುತ್ತವೆ. ಹಾಗಿದ್ದೂ ಬಹುತೇಕ ಬಸಿರು ದಿನ ತುಂಬುತ್ತವೆ. ಇನ್ನು ಯಾರಲ್ಲೇ ಆಗಲಿ, ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಸೊಸೆ ಬಸ್ಸು ಹತ್ತಿದಳೆಂದೋ ಏನೋ ತಿಂದಳೆಂದೋ ದೂರುವುದು ಅನ್ಯಾಯ.

ಯಂತ್ರವನ್ನು ತಪ್ಪಾಗಿ ಓದುವ ಅಪಾಯ ಇರುವುದೂ ಬಸಿರಿನ ಈ ಮೊದಲ ತಿಂಗಳುಗಳಲ್ಲೇ. ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನಿಂದ ಎಣಿಸುತ್ತಾರೆ, ಹದಿನಾಲ್ಕನೆಯ ದಿನ ಅಂಡ ಬಂದಿತೆಂದು ಹಿಡಿಯುತ್ತಾರೆ. ಪಿಸಿಓಎಸ್ ಇದ್ದವಳಿಗೆ ಅದು ಮೂವತ್ತನೆಯ ದಿನ ಬಂದಿದ್ದರೆ, ಲೆಕ್ಕದಲ್ಲಿ ಎಂಟು ವಾರದ ಬಸಿರಿಗೆ ನಿಜವಾಗಿ ಆರು ವಾರವೂ ತುಂಬಿರುವುದಿಲ್ಲ. ಭ್ರೂಣ ಚಿಕ್ಕದು, ಹೃದಯಬಡಿತ ಇನ್ನೂ ಕಾಣದಿರಬಹುದು. ಅದಕ್ಕೇ ನಿಯಮ ಬಿಗಿಯಾಗಿದೆ: ಯೋನಿಯ ಮೂಲಕ ಮಾಡಿದ ಸೋನೋಗ್ರಫಿಯಲ್ಲಿ ಭ್ರೂಣ 7 ಮಿಲಿಮೀಟರ್ ಮುಟ್ಟಿಯೂ ಬಡಿತವಿಲ್ಲದಿದ್ದರೆ, ಅಥವಾ ಗರ್ಭಚೀಲ ಸರಾಸರಿ 25 ಮಿಲಿಮೀಟರ್ ಆಗಿಯೂ ಭ್ರೂಣವಿಲ್ಲದಿದ್ದರೆ ಮಾತ್ರ ಗರ್ಭ ನಿಂತುಹೋಗಿದೆ ಎನ್ನಬಹುದು. ಅದಕ್ಕೂ ಕಡಿಮೆ ಇದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡಬೇಕು.

ಆದ್ದರಿಂದ ವೈದ್ಯರಿಗೆ ಕೊನೆಯ ಮುಟ್ಟಿನ ತಾರೀಖಿನ ಜೊತೆಗೆ, ನಿಮ್ಮ ಮುಟ್ಟು ಎಷ್ಟೆಷ್ಟು ದಿನಕ್ಕೆ ಬರುತ್ತದೆ ಎಂಬುದನ್ನೂ ಹೇಳಿ. ಬಸಿರಿಗೆ ಮೊದಲೇ ಸಕ್ಕರೆ, ರಕ್ತದೊತ್ತಡ ತೋರಿಸಿಕೊಳ್ಳಿ, ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿ. ವಿಪರೀತ ರಕ್ತಸ್ರಾವ, ಹೊಟ್ಟೆಯ ಒಂದು ಬದಿಗೆ ತೀವ್ರ ನೋವು, ತಲೆಸುತ್ತು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ. ಇವೇನೂ ಇಲ್ಲದೆ ಬರೀ ‘ಬಡಿತ ಕಾಣಲಿಲ್ಲ’ ಎಂದಿದ್ದರೆ, ಎರಡನೆಯ ಸೋನೋಗ್ರಫಿ ಆಗುವ ತನಕ ಗರ್ಭ ತೆಗೆಸುವ ಮಾತ್ರೆಗೆ ಕೈ ಚಾಚಬೇಡಿ.