ಬೆರೆಸಿದ ಮಾತ್ರಕ್ಕೆ ಆವಿಷ್ಕಾರವೇ?

ಸಸ್ಯತೈಲಕ್ಕೆ ಫಾಸ್ಫೇಟ್ ಎಸ್ಟರ್ ಬೆರೆಸಿ ಹೈಡ್ರಾಲಿಕ್ ಆಯಿಲ್ ತಯಾರಿಸಿದರೆ ಪೇಟೆಂಟ್ ಸಿಗುತ್ತದೆಯೇ ಎಂದು ಎಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಕೇಳಿದ್ದಾರೆ. ಎರಡೂ ಹಳೆಯ ವಸ್ತುಗಳೇ. ಆದರೂ ಬೆರೆಸುವ ಆಸೆ ಹುಟ್ಟುವುದಕ್ಕೆ ಬಲವಾದ ಕಾರಣವಿದೆ.

1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಕಲ್ಲಿದ್ದಲು ಗಣಿಯಲ್ಲಿ ಲಿಫ್ಟಿನೊಳಗೆ ಸರಿಯಾಗಿ ಕೂರದ ವ್ಯಾಗನ್ ಒಂದು ವಿದ್ಯುತ್ ಕೇಬಲ್‌ಗಳನ್ನೂ ಒತ್ತಡದಲ್ಲಿದ್ದ ಎಣ್ಣೆಯ ಪೈಪನ್ನೂ ಹರಿದುಹಾಕಿತು. ಹೊತ್ತಿದ ಬೆಂಕಿಗೆ 262 ಕಾರ್ಮಿಕರು ಬಲಿಯಾದರು. ಒತ್ತಡದಲ್ಲಿರುವ ಖನಿಜತೈಲ ಸಣ್ಣ ಬಿರುಕಿನಿಂದ ತುಂತುರಾಗಿ ಚಿಮ್ಮಿದರೆ ಒಂದು ಕಿಡಿ ಸಾಕು. ಫಾಸ್ಫೇಟ್ ಎಸ್ಟರ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಜ್ವಾಲೆಯನ್ನು ಮುಂದೊಯ್ಯುವ ಚುರುಕು ಕಣಗಳನ್ನು ಅದರ ರಂಜಕ ಹಿಡಿದುಹಾಕುತ್ತದೆ. 1940ರ ದಶಕದಲ್ಲೇ ಡಗ್ಲಸ್ ಮತ್ತು ಮಾನ್ಸಾಂಟೊ ಕಂಪನಿಗಳು ವಿಮಾನಗಳಿಗೆಂದು ಇಂಥ ದ್ರವವನ್ನು ರೂಪಿಸಿದ್ದವು. ಅದೇ ಸ್ಕೈಡ್ರಾಲ್. ಇತ್ತ ಸಸ್ಯತೈಲ ಒಳ್ಳೆಯ ಜಾರುಗುಣದ್ದು, ಮಣ್ಣಿಗೆ ಬಿದ್ದರೆ ಕೊಳೆತು ಕರಗುವಂಥದ್ದು. ಆದರೆ ಬಿಸಿಯಲ್ಲಿ ಗಾಳಿ ತಗುಲಿ ಅಂಟಾಗುತ್ತದೆ.

ಎರಡನ್ನೂ ಸೇರಿಸಿದಾಗ ಬೆಂಕಿಯ ಭಯ ಕಡಿಮೆಯಾಗಿ, ಮಣ್ಣಿಗೂ ಹಾನಿ ತಗ್ಗಿತು ಎನ್ನಿ. ಅದು ಯಾರಾದರೂ ಊಹಿಸಬಹುದಾದ ಫಲ. ಭಾರತದ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಇ) ಪ್ರಕಾರ, ಘಟಕಗಳ ಗುಣಗಳನ್ನು ಒಟ್ಟುಗೂಡಿಸುವುದಷ್ಟೇ ಆದ ಬರೀ ಮಿಶ್ರಣ ಆವಿಷ್ಕಾರವಲ್ಲ.

ಹಾಗಾದರೆ ಯಾವುದು ಆವಿಷ್ಕಾರ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ನೋಡಿ. ಹಳದಿಗೆ ಬಿಳಿ ಬೆರೆತರೆ ಬಣ್ಣ ತಿಳಿಯಾಗಬೇಕಿತ್ತು. ಆರತಿಯ ಕೆಂಪು ಬರುತ್ತದೆ. ಎರಡರಲ್ಲೂ ಇಲ್ಲದ ಗುಣ ಕೂಟದಲ್ಲಿ ಮೂಡಿತು. ಪೇಟೆಂಟ್ ಪರೀಕ್ಷಕರು ಹುಡುಕುವುದು ಇಂಥ ಅಚ್ಚರಿಯನ್ನೇ. ಆದರೆ ಆರತಿ ನೀರಿಗೆ ಇಂದು ಯಾರೂ ಪೇಟೆಂಟ್ ಪಡೆಯಲಾರರು, ಅದು ಮನೆಮನೆಗೂ ಗೊತ್ತಿರುವ ಸಂಗತಿ. ಅಚ್ಚರಿಯೂ ಬೇಕು, ಹೊಸತನವೂ ಬೇಕು.

ನಮ್ಮ ಮಿಶ್ರಣದಲ್ಲಿ ಅಚ್ಚರಿಗೆ ಜಾಗವಿರುವುದು ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲ್‌ಗಳ ಬಳಿ. ಫಾಸ್ಫೇಟ್ ಎಸ್ಟರ್ ನೈಟ್ರೈಲ್ ರಬ್ಬರನ್ನು ಹಾಳುಮಾಡುತ್ತದೆ. ಎಸ್ಟರನ್ನು ತಡೆದುಕೊಳ್ಳುವ ಇಪಿಡಿಎಂ ರಬ್ಬರ್ ಸಸ್ಯತೈಲದಲ್ಲಿ ಊದಿಕೊಳ್ಳುತ್ತದೆ. ಎರಡು ರಬ್ಬರನ್ನೂ ಉಳಿಸುವ ಪ್ರಮಾಣವೊಂದನ್ನು ಯಾರಾದರೂ ತೋರಿಸಿದರೆ, ಅದು ಬರೀ ಕೂಡಿಕೆ ಎನ್ನುವುದು ಕಷ್ಟ.

ದೇಶದಿಂದ ದೇಶಕ್ಕೆ ಅಳತೆಗೋಲೂ ಬೇರೆ. ತುಕ್ಕು ತಡೆಯಲು ಬಳಕೆಯಲ್ಲಿದ್ದ ರಾಸಾಯನಿಕವೊಂದು ಎಂಜಿನ್ ಆಯಿಲ್‌ನಲ್ಲಿ ಘರ್ಷಣೆಯನ್ನೂ ತಗ್ಗಿಸುತ್ತದೆಂದು ಮೊಬಿಲ್ ಕಂಪನಿ ಹೇಳಿದಾಗ, ಅಂಥ ಹೊಸ ಉಪಯೋಗವನ್ನೂ ಹೊಸತೆಂದು ಪರಿಗಣಿಸಬಹುದೆಂದು ಯುರೋಪಿನ ಪೇಟೆಂಟ್ ಕಚೇರಿಯ ಹಿರಿಯ ಮೇಲ್ಮನವಿ ಮಂಡಳಿ 1989ರಲ್ಲಿ ತೀರ್ಮಾನಿಸಿತು. ನಮ್ಮ ಸೆಕ್ಷನ್ 3(ಡಿ) ತಿಳಿದ ವಸ್ತುವಿನ ಹೊಸ ಉಪಯೋಗವನ್ನಷ್ಟೇ ಆವಿಷ್ಕಾರವೆಂದು ಒಪ್ಪುವುದಿಲ್ಲ. ಇದು ಸರಿಯಾದ ಬಿಗಿ ಎಂದೇ ನನ್ನ ನಂಬಿಕೆ.

‘ಪರಿಸರಸ್ನೇಹಿ’ ಎಂಬ ಲೇಬಲ್ಲು ಮಾರುಕಟ್ಟೆಯಲ್ಲಿ ಓಡುತ್ತದೆ, ಪರೀಕ್ಷಕರ ಮುಂದೆ ಓಡುವುದಿಲ್ಲ. ಎಣ್ಣೆಯೊಂದನ್ನೇ, ಎಸ್ಟರ್ ಒಂದನ್ನೇ, ಆಮೇಲೆ ಮಿಶ್ರಣವನ್ನು ಒಂದೇ ಪಂಪಿನಲ್ಲಿ, ಒಂದೇ ಜ್ವಾಲೆಯೆದುರು ಪರೀಕ್ಷಿಸಿ ಅಂಕಿಗಳನ್ನು ಪಕ್ಕಪಕ್ಕ ಇಡಿ. ಮೂರನೆಯ ಅಂಕಿ ಮೊದಲೆರಡರ ಲೆಕ್ಕ ಮೀರಿದರೆ, ಪ್ರಬಂಧ ಪ್ರಕಟಿಸುವ ಮೊದಲೇ ಅರ್ಜಿ ಹಾಕಿ.