ನಮ್ಮ ಸೂರ್ಯ, ಸೂರ್ಯನ ಸುತ್ತ ಗ್ರಹಗಳು

ಅಕ್ಕಂದಿರೇ, ತಂಗಿಯರೇ, ವಾರಗಳ ಹೆಸರನ್ನು ಒಮ್ಮೆ ಓದೋಣ. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಭಾನು ಅಂದರೆ ಸೂರ್ಯ. ಸೋಮ ಅಂದರೆ ಚಂದ್ರ. ಉಳಿದ ಐದೂ ಗ್ರಹಗಳ ಹೆಸರು. ಅಕ್ಷರ ಕಲಿಯುವ ಮೊದಲೇ ಈ ಹೆಸರುಗಳು ನಮ್ಮ ಬಾಯಲ್ಲಿ ಇದ್ದವು. ಸಂತೆ ಯಾವತ್ತು, ಸಂಘದ ಸಭೆ ಯಾವತ್ತು ಅಂತ ಹೇಳುವಾಗ ನಾವು ಗ್ರಹಗಳ ಹೆಸರನ್ನೇ ಹೇಳುತ್ತೇವೆ. ಆದರೆ ಈ ಗ್ರಹಗಳು ಎಲ್ಲಿವೆ? ಹೇಗಿವೆ?

ಮೊದಲು ಸೂರ್ಯನನ್ನು ನೋಡೋಣ. ಸೂರ್ಯ ಗ್ರಹ ಅಲ್ಲ, ನಕ್ಷತ್ರ. ರಾತ್ರಿ ಕಾಣುವ ಚುಕ್ಕಿಗಳ ಹಾಗೆ ಅದೂ ಒಂದು ಚುಕ್ಕಿ. ನಮಗೆ ಹತ್ತಿರ ಇದೆ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಮಣ್ಣಿಲ್ಲ, ಕಲ್ಲಿಲ್ಲ. ಅದು ಕಾದ ಅನಿಲದ ದೊಡ್ಡ ಉಂಡೆ. ಅದಕ್ಕೆ ಯಾರೂ ಸೌದೆ ಹಾಕಬೇಕಿಲ್ಲ. ಅದರ ಒಡಲಲ್ಲಿ ಜಲಜನಕ ಅನ್ನುವ ಅನಿಲ ಹೀಲಿಯಂ ಅನ್ನುವ ಅನಿಲ ಆಗುತ್ತಾ ಇರುತ್ತದೆ. ಆಗ ಶಾಖ, ಬೆಳಕು ಹುಟ್ಟುತ್ತವೆ.

ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಬೆಳಕು ಅಲ್ಲಿಂದ ನಮ್ಮ ಅಂಗಳಕ್ಕೆ ಬರಲು 8 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಗಂಟೆಗೆ 60 ಕಿಲೋಮೀಟರ್ ಓಡುವ ಬಸ್ಸು ಎಲ್ಲೂ ನಿಲ್ಲದೆ ಹೋದರೆ? 285 ವರ್ಷ ಬೇಕು!

ಇಷ್ಟು ದೊಡ್ಡ ಲೆಕ್ಕ ತಲೆಗೆ ಹತ್ತುವುದು ಕಷ್ಟ. ಅಡುಗೆಮನೆಯ ಸಾಮಾನು ತೆಗೆದುಕೊಳ್ಳೋಣ. ಒಂದು ಮೊಳ ಅಗಲದ ಕುಂಬಳಕಾಯಿಯೇ ಸೂರ್ಯ ಅಂತ ಇಟ್ಟುಕೊಳ್ಳಿ. ಆಗ ನಮ್ಮ ಭೂಮಿ ಒಂದು ಜೋಳದ ಕಾಳು. ಕುಂಬಳಕಾಯಿಯಿಂದ ಸುಮಾರು 70 ಹೆಜ್ಜೆ ನಡೆದು ಆ ಕಾಳನ್ನು ಇಡಬೇಕು. ಚಂದ್ರ ಒಂದು ಗಸಗಸೆ ಕಾಳು. ಅದು ಜೋಳದ ಕಾಳಿನಿಂದ ಅರ್ಧ ಗೇಣು ದೂರ.

ಸೂರ್ಯನಿಗೆ ತೀರಾ ಹತ್ತಿರದ ಗ್ರಹ ಬುಧ. ಅದು ರಾಗಿ ಕಾಳಿನಷ್ಟು. ಆಮೇಲೆ ಶುಕ್ರ. ಅದು ಇನ್ನೊಂದು ಜೋಳದ ಕಾಳು. ಮೂರನೆಯದು ನಮ್ಮ ಭೂಮಿ. ನಾಲ್ಕನೆಯದು ಮಂಗಳ, ಸಾಸಿವೆ ಕಾಳಿನಷ್ಟು. ಗುರು ಎಲ್ಲಕ್ಕಿಂತ ದೊಡ್ಡ ಗ್ರಹ, ಒಂದು ನಿಂಬೆಹಣ್ಣು. ಶನಿ ಅದಕ್ಕಿಂತ ಸ್ವಲ್ಪ ಸಣ್ಣ ನಿಂಬೆಹಣ್ಣು. ಶನಿಯನ್ನು ಇಡಲು ಅರ್ಧ ಕಿಲೋಮೀಟರಿನಷ್ಟು ನಡೆಯಬೇಕು. ಇನ್ನೂ ಆಚೆ ಯುರೇನಸ್, ನೆಪ್ಚೂನ್ ಅಂತ ಎರಡು ಗ್ರಹ ಇವೆ. ಎರಡೂ ಮಕ್ಕಳು ಆಡುವ ಗೋಲಿಯಷ್ಟು. ದುರ್ಬೀನು ಬಂದ ಮೇಲೆ ಇವು ಪತ್ತೆಯಾದವು. ಅದಕ್ಕೇ ಇವುಗಳ ಹೆಸರಿನ ವಾರ ಇಲ್ಲ. ಒಟ್ಟು ಎಂಟು ಗ್ರಹಗಳು. ಎಲ್ಲವೂ ಸೂರ್ಯನನ್ನು ಸುತ್ತುತ್ತವೆ.

ಈಗ ಮಂಗಳನ ವಿಷಯ. ಇದಕ್ಕೇ ಕುಜ ಅಂತಲೂ ಹೆಸರು. ಅಲ್ಲಿನ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಇದೆ. ಅದರಿಂದ ಮಂಗಳ ಕೆಂಪಗೆ ಕಾಣುತ್ತದೆ. ಭಾರತದವರು 2013ರ ನವೆಂಬರ್ 5ರಂದು ಅಲ್ಲಿಗೆ ಮಂಗಳಯಾನ ನೌಕೆ ಕಳಿಸಿದರು. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನ ಹತ್ತಿರ ತಲುಪಿತು. ಫೋಟೋ ತೆಗೆದು ಕಳಿಸಿತು. ಆ ಕೆಲಸದಲ್ಲಿ ಹೆಣ್ಣುಮಕ್ಕಳೂ ಇದ್ದರು. ಬೆಂಗಳೂರಿನ ಹತ್ತಿರ ಬ್ಯಾಲಾಳು ಅಂತ ಹಳ್ಳಿ ಇದೆ. ಅಲ್ಲಿ ದೊಡ್ಡ ಬೋಗುಣಿಯಂಥ ಆಂಟೆನಾಗಳಿವೆ. ನೌಕೆಯ ಸುದ್ದಿ ಅಲ್ಲಿಗೆ ಬರುತ್ತಿತ್ತು.

ಅದೇ ಕುಜನ ಹೆಸರಲ್ಲಿ ಎಷ್ಟು ಹುಡುಗಿಯರ ಮದುವೆ ನಿಂತಿದೆ ನೋಡಿ! ಜಾತಕದಲ್ಲಿ 12 ಮನೆ. ಅವುಗಳಲ್ಲಿ ಐದಾರು ಮನೆಗಳಲ್ಲಿ ಎಲ್ಲಿ ಕುಜ ಇದ್ದರೂ ದೋಷ ಅಂತಾರೆ. ಲೆಕ್ಕ ಹಾಕಿ. ಹತ್ತು ಮಂದಿಯಲ್ಲಿ ನಾಲ್ಕೈದು ಮಂದಿಗೆ ದೋಷ ಬಂತು! ಹುಡುಗರಿಗೂ ಅಷ್ಟೇ ಬರಬೇಕಲ್ಲ? ಆದರೆ ಕಣ್ಣೀರು ಹಾಕುವವಳು ಹುಡುಗಿ, ಶಾಂತಿ ಮಾಡಿಸಲು ಸಾಲ ಮಾಡುವವರು ಅವಳ ತಾಯಿ ತಂದೆ. ನಮ್ಮ ಜೋಳದ ಕಾಳಿಗೆ ಆ ಸಾಸಿವೆ ತೀರಾ ಹತ್ತಿರ ಬಂದರೂ ನಡುವೆ 25 ಹೆಜ್ಜೆ ಇರುತ್ತದೆ. ಇಲ್ಲಿ ಯಾರ ಮದುವೆ ಅಂತ ಅದಕ್ಕೇನು ಗೊತ್ತು?

ಶನಿಯದೂ ಇದೇ ಕಥೆ. ಶನಿಗೆ ಶನೈಶ್ಚರ ಅಂತಾರೆ. ಅಂದರೆ ನಿಧಾನವಾಗಿ ನಡೆಯುವವನು. ಹೆಸರು ಸರಿಯಾಗಿಯೇ ಇದೆ. ಸೂರ್ಯನನ್ನು ಒಂದು ಸುತ್ತು ಬರಲು ಶನಿಗೆ ಸುಮಾರು 30 ವರ್ಷ ಬೇಕು. ರಾಶಿಗಳು 12. ಒಂದು ರಾಶಿ ದಾಟಲು ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ ವರ್ಷ. ಏಳರಾಟದ ಶನಿ ಅನ್ನುವುದು ಈ ಲೆಕ್ಕದಿಂದಲೇ ಬಂತು. ನಡಿಗೆಯ ಲೆಕ್ಕ ನಿಜ, ಕಾಟ ಮಾತ್ರ ಸುಳ್ಳು. 12 ರಾಶಿಯಲ್ಲಿ ಯಾವಾಗಲೂ ಮೂರು ರಾಶಿಗೆ ಏಳರಾಟ ಇದ್ದೇ ಇರುತ್ತದೆ. ಅಂದರೆ 400 ಜನರ ಊರಲ್ಲಿ ಸುಮಾರು 100 ಜನಕ್ಕೆ ಈಗಲೂ ಏಳರಾಟ! ಎಮ್ಮೆ ಸತ್ತರೆ, ಬೆಳೆ ಒಣಗಿದರೆ ಆ ನೂರು ಜನರಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ.

ನಿಜವಾದ ಶನಿ ನೋಡಲು ಬಲು ಚೆಂದ. ಸುತ್ತ ಬಳೆ ತೊಟ್ಟ ಹಾಗೆ ಉಂಗುರಗಳಿವೆ. ಹೆಚ್ಚಾಗಿ ಹಿಮದ ತುಣುಕುಗಳಿಂದ ಆದ ಉಂಗುರಗಳು ಅವು. ಬರಿಗಣ್ಣಿಗೆ ಕಾಣುವುದಿಲ್ಲ. ದುರ್ಬೀನು ಬೇಕು.

ರಾಹು, ಕೇತು ಗ್ರಹಗಳಲ್ಲ. ದುರ್ಬೀನಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಆಕಾಶದಲ್ಲಿ ಸೂರ್ಯನ ದಾರಿ, ಚಂದ್ರನ ದಾರಿ ಒಂದನ್ನೊಂದು ದಾಟುವ ಎರಡು ಜಾಗಗಳಿಗೆ ಇಟ್ಟ ಹೆಸರು ಅವು.

ಶುಕ್ರನನ್ನು ನೀವೆಲ್ಲ ನೋಡಿದ್ದೀರಿ. ನಾವು ಬೆಳ್ಳಿ ಅನ್ನುವುದು ಅದನ್ನೇ. ಕೆಲವು ತಿಂಗಳು ನಸುಕಿನಲ್ಲಿ ಮೂಡಣಕ್ಕೆ ಕಾಣುತ್ತದೆ, ಕೆಲವು ತಿಂಗಳು ಸಂಜೆ ಪಡುವಣಕ್ಕೆ. ಎರಡೂ ಒಂದೇ ಗ್ರಹ. ಚುಕ್ಕಿಗಳು ಮಿನುಗುತ್ತವೆ, ಗ್ರಹಗಳು ಸಾಮಾನ್ಯವಾಗಿ ಮಿನುಗುವುದಿಲ್ಲ. ನಸುಕಿಗೆ ನೀರು ತರಲು ಹೋದಾಗ ತಲೆ ಎತ್ತಿ ನೋಡಿ. ಮಕ್ಕಳನ್ನೂ ಕರೆದು ತೋರಿಸಿ.