ಮೈಕ್ರೋವೇವ್ ಪಾಠ ಬೆಂಗಳೂರಿಗೆ ಬಂದ ಬಗೆ

ಅಂಜನಾಪುರ ದಾಟಿ ಕನಕಪುರ ರಸ್ತೆಗೆ ಬಂದರೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುವವರಿಗೆ ಮೈಕ್ರೋವೇವ್ ಬೆಂಚಿನ ಪ್ರಯೋಗ ಗೊತ್ತಿರುತ್ತದೆ. ಆಯತಾಕಾರದ ಟೊಳ್ಳು ಲೋಹದ ಕೊಳವೆ. ಒಳಗಿನ ಅಗಲ ಸುಮಾರು ಎರಡೂಕಾಲು ಸೆಂಟಿಮೀಟರ್, ಎತ್ತರ ಒಂದು. ಅದರ ಸೀಳಿನಲ್ಲಿ ಪ್ರೋಬ್ ಸರಿಸುತ್ತ ಹೋದಂತೆ ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ. ಅಕ್ಕಪಕ್ಕದ ಎರಡು ಇಳಿತಗಳ ನಡುವಿನ ದೂರವನ್ನು ಇಮ್ಮಡಿ ಮಾಡಿದರೆ ಅಲೆಯ ಉದ್ದ ಸಿಕ್ಕಿತು. ಬಯಲಲ್ಲಿ 3 ಸೆಂ.ಮೀ. ಇರುವ ಅಲೆ ಈ ಕೊಳವೆಯೊಳಗೆ ಹೆಚ್ಚುಕಡಿಮೆ 4 ಸೆಂ.ಮೀ.ಗೆ ಹಿಗ್ಗಿರುತ್ತದೆ. ಕಣ್ಣಿಗೆ ಕಾಣದ್ದನ್ನು ಕೈಯಾರೆ ಅಳೆಯುವ ಈ ವಿದ್ಯೆ ನಮ್ಮೂರಲ್ಲಿ ಬೇರುಬಿಟ್ಟಿದ್ದನ್ನು ಹುಡುಕಿ ಹೊರಟರೆ ಮೊದಲು ಸಿಗುವ ಹೆಸರು ಪ್ರೊ. ರಾಜೇಶ್ವರಿ ಚಟರ್ಜಿ.

ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ಅವರು ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಓದು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಸ್ನಾತಕೋತ್ತರ ಪದವಿ ಮುಗಿಸಿ 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಕಾಲಿಟ್ಟರು. ಸಿ.ವಿ. ರಾಮನ್ ಬಳಿ ಸಂಶೋಧನೆ ಮಾಡುವ ಆಸೆಯಿತ್ತು. ಭೌತಶಾಸ್ತ್ರದ ಪದವಿಯಿಲ್ಲವೆಂದು ರಾಮನ್ ಒಪ್ಪಲಿಲ್ಲ. ರಾಜೇಶ್ವರಿ ವಿದ್ಯುತ್ ತಂತ್ರಜ್ಞಾನ ವಿಭಾಗದತ್ತ ತಿರುಗಿ ಸಂವಹನವನ್ನು ಆರಿಸಿಕೊಂಡರು.

ಅವರ ಕಥೆ ಹೇಳುವವರು ಹೆಚ್ಚಾಗಿ ಈ ನಿರಾಕರಣೆಯ ಬಳಿಯೇ ನಿಂತುಬಿಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಮುಂದಿನ ಹತ್ತು ವರ್ಷ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ, 1947ರ ಜುಲೈನಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಸ್ನಾತಕೋತ್ತರ ಪದವಿಯ ಬಳಿಕ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೊ ತರಂಗಗಳ ಅಳತೆ ಕಲಿತರು. ಅಳೆಯಲು ಬಾರದವರು ಲ್ಯಾಬ್ ಕಟ್ಟಲಾರರು. ಆ ಎಂಟು ತಿಂಗಳ ಫಲವನ್ನು ಬೆಂಗಳೂರು ಉಂಡಿತು ಎಂದೇ ನನ್ನ ನಂಬಿಕೆ. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಊರಿಗೆ ಮರಳಿದರು.

ಇನ್‌ಸ್ಟಿಟ್ಯೂಟಿನ ವಿದ್ಯುತ್ ಸಂವಹನ ವಿಭಾಗದಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ವರಿಸಿದ್ದೂ ಅದೇ ವರ್ಷ. ದಂಪತಿ ಸೇರಿ ಕಟ್ಟಿದ್ದು ದೇಶದ ಮೊದಮೊದಲ ಮೈಕ್ರೋವೇವ್ ಸಂಶೋಧನಾಲಯಗಳಲ್ಲೊಂದು. ಲೋಹದ ತಂತಿಗೆ ನಿರೋಧಕ ವಸ್ತುವಿನ ಲೇಪ ಕೊಟ್ಟರೆ ಅಲೆ ಅದರ ಮೈಗೆ ಅಂಟಿಕೊಂಡೇ ಸಾಗುತ್ತದೆ. ಇಂಥ ಅಲೆಗಳೂ ಅವುಗಳಿಂದಾಗುವ ಆಂಟೆನಾಗಳೂ ಅಲ್ಲಿನ ಅಧ್ಯಯನದ ವಸ್ತುವಾದವು. ಮುಂದೆ ವಿಮಾನ, ಉಪಗ್ರಹಗಳ ಆಂಟೆನಾಗಳಿಗೆ ಬೇಕಾದ ತಿಳಿವಳಿಕೆ ಇದೇ.

ಇಪ್ಪತ್ತು ಮಂದಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. ನೂರಕ್ಕೂ ಹೆಚ್ಚು ಪ್ರಬಂಧ, ಏಳು ಪುಸ್ತಕ ಬಂದವು. ಇನ್‌ಸ್ಟಿಟ್ಯೂಟಿನ ಮೊದಲ ಮಹಿಳಾ ಎಂಜಿನಿಯರ್ ಎಂಬ ಗೌರವ ಅವರಿಗೆ ಸಲ್ಲಲೇಬೇಕು, ಆದರೆ ಗಣಿತ ಓದಿದ ಒಬ್ಬರು ಲ್ಯಾಬ್ ಕಟ್ಟಿ ಶಿಷ್ಯಪರಂಪರೆಯನ್ನೇ ಬೆಳೆಸಿದ್ದು ಅದಕ್ಕಿಂತ ಮಿಗಿಲು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಕೆಲಸಕ್ಕೆ ತೊಡಗಿಕೊಂಡರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು.